ಕಿಸೆಯಲ್ಲಿದ್ದ ನಡುಗಡ್ಡೆ

‘ನಡುಗಡ್ಡಿಗೆ ಇಳಿದ್ರಿ. ಮುಂದ ಏನಾತು, ಲಗೂನ ಹೇಳವ್ವ!’ ಎಂದು ಬಾಜೂ ಮನೆಯ ನೀಲಕ್ಕ ಶಾರದವ್ವನ ಹತ್ತಿರಕ್ಕೆ ಸರಿದು ಕೂತಳು. ಅಲ್ಲೇ ಪಡಸಾಲೆಯ ಕುರ್ಚಿಯಲ್ಲಿದ್ದ ಆಕೆಯ ಗಂಡ ಕುಬೇರಪ್ಪ ಮಾಸ್ತರರು ಬೆಚ್ಚಿದರು. ಸತ್ತೆ, ಈಗ ಇವಳು ಅದನ್ನೇ ಹೇಳುತ್ತಾಳೆ ಎಂದುಕೊಂಡು, ಟೆರಿಲಿನ್ ಅಂಗಿಯ ಕಿಸೆಯಿಂದ ಗೈಡು ಪುಸ್ತಕ ತೆಗೆದು ಮುಖಕ್ಕೆ ಅಡ್ಡ ಹಿಡಿದರು.

ಅಂಗೈಯಗಲದ ಇಂಗ್ಲಿಷ್ ಪುಸ್ತಕ. ದೀಪಾವಳಿ ಸೂಟಿಯಲ್ಲಿ ಹೆಂಡತಿಯನ್ನು ಮುಂಬಯಿ ತೋರಿಸಲು ಕರೆದೊಯ್ದಾಗ ಫುಟ್‌ಪಾತಿನಲ್ಲಿ ಕೊಂಡದ್ದು. ಎಲಿಫೆಂಟಾ ನಡುಗಡ್ಡೆಯ ಲಾಂಚು ಹತ್ತಿದ್ದೇ ತಡ, ಮಾಸ್ತರರಿಗೆ ಅದೇ ಕಣ್ಣು, ಅದೇ ಕಿವಿ. ‘ಸಮುದ್ರ ಎಷ್ಟ್ ಚಂದ ಐತಿ ನೋಡ್ರಿ’ ಎಂದು ಶಾರದವ್ವ ತೋರಿಸಿದರೆ, ‘ತಡಿ, ಅದು ಮುಂದಿನ ಪುಟದಾಗ ಬರತೈತಿ’ ಎಂದ ಮನುಷ್ಯ! ಅಲ್ಲಿಯ ಶಿವನ ಗವಿಯಲ್ಲಿ ಇಬ್ಬರು ಪರದೇಶದವರು ಸಿಕ್ಕ ಮೇಲಂತೂ ಕಾಲು ನೆಲಕ್ಕೆ ಹತ್ತಲಿಲ್ಲ. ಅವರನ್ನು ಕಂಬಕಂಬಕ್ಕೂ ನಿಲ್ಲಿಸಿ ಪುಸ್ತಕ ಓದಿದ್ದೇ ಓದಿದ್ದು. ಇಲ್ಲಿ ಪೂಜೆ ನಿಂತು ಎಷ್ಟೋ ಕಾಲವಾಯಿತೆಂದೂ ಓದಿ ಹೇಳಿದರು.

ಲಿಂಗಪೂಜೆಯಾಗದೆ ಬಾಯಿಗೆ ಹನಿ ನೀರು ಹಾಕುವವಳಲ್ಲ ಶಾರದವ್ವ. ಲಾಂಚು ತಪ್ಪೀತೆಂದು ನಸುಕಿನಲ್ಲೇ ಆಕೆಯನ್ನು ಪೂಜೆಗೂ ಬಿಡದೆ ಹೊರಡಿಸಿದವರು ಮಾಸ್ತರರೇ. ಮಧ್ಯಾಹ್ನ ಹನ್ನೆರಡಾಯಿತು. ಇನ್ನು ತಾಳಲಾರೆನೆಂದು ಆಕೆ ಚಪ್ಪಲಿ ದೂರ ಬಿಟ್ಟು, ಗವಿಯ ಮೂಲೆಯೊಂದನ್ನು ಸೆರಗಿನಿಂದ ಒರೆಸಿ ಕೂತೇಬಿಟ್ಟಳು. ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಎಡಗೈಯಲ್ಲಿಟ್ಟುಕೊಂಡು, ನೀರೆರೆದು, ವಿಭೂತಿ ಹಚ್ಚಿ ಕಣ್ಣು ಮುಚ್ಚಿದಳು. ಜನ ಸುತ್ತುಗಟ್ಟಿ ನೋಡತೊಡಗಿದರು. ಒಬ್ಬ ಹುಡುಗಿ ಕಿಸಕ್ಕೆಂದು ನಕ್ಕಳು. ಪರದೇಶದವರಲ್ಲೊಬ್ಬ ಆಕೆಯತ್ತ ಕೈ ತೋರಿಸಿ, ಇವರು ನಿಮ್ಮವರೇನು ಎಂದು ಮಾಸ್ತರರನ್ನು ಕೇಳಿದ.

‘ನೋ, ನೋ’ ಎಂದು ಮಾಸ್ತರರು ಕೈ ಅಲ್ಲಾಡಿಸಿ ಪುಟ ತಿರುವಿದರು. ಅಷ್ಟು ಇಂಗ್ಲಿಷು ಶಾರದವ್ವನಿಗೂ ಬರುತ್ತಿತ್ತು. ಕಣ್ಣು ತೆರೆದು ಗಂಡನನ್ನು ಒಮ್ಮೆ ನೋಡಿದಳು. ಮತ್ತೆ ಮುಚ್ಚಿದಳು. ತಮ್ಮೂರು ಯರಗುಪ್ಪಿಗೆ ಮರಳಿ ಐದು ದಿನವಾದರೂ ಆ ಮಾತು ಎತ್ತಿರಲಿಲ್ಲ. ನಾಲ್ಕು ಬೈದಿದ್ದರೆ ಮಾಸ್ತರರಿಗೆ ಎಷ್ಟೋ ಹಗುರಾಗುತ್ತಿತ್ತು.

‘ಹಸಿವಾಗಿತ್ತವ್ವ, ಆ ಗವಿಯೊಳಗ ಪೂಜಿಗೆ ಕುಂತೆ’ ಎಂದಳು ಶಾರದವ್ವ, ಮೊರದಲ್ಲಿ ಜೋಳ ಹಸನು ಮಾಡುತ್ತ.

‘ಅಯ್ಯ ಶಿವನ! ಅಷ್ಟು ಮಂದಿಯೊಳಗ? ಮಾಸ್ತರು ಬೈಲಿಲ್ಲೇನು?’

ಮಾಸ್ತರರು ಪುಸ್ತಕವನ್ನು ಮುಖಕ್ಕೆ ಇನ್ನಷ್ಟು ಹತ್ತಿರ ತಂದರು.

‘ಬೈಯೂದ? ನನ್ನ ಬಾಜೂಕ ನಿಂತಿದ್ರು. ಯಾರಿವರು ಅಂತ ಪರದೇಶದವರು ಕೇಳಿದ್ರ, ಈಕಿ ನನ್ನ ಹೆಂಡತಿ, ಪೂಜಿ ಮುಗಿಯೂತನಕ ಸಪ್ಪಳ ಮಾಡಬ್ಯಾಡ್ರಿ ಅಂತ ಇಂಗ್ಲೀಷಿನ್ಯಾಗ ಹೇಳಿದ್ರು.’

‘ಇಂಥಾ ಗಂಡ ಸಿಗಾಕ ಪುಣ್ಯಾ ಮಾಡಿರಬೇಕು ಬಿಡು!’ ಎಂದ ನೀಲಕ್ಕ ಮಾಸ್ತರರತ್ತ ತಿರುಗಿ ಎರಡೂ ಕೈ ಜೋಡಿಸಿದಳು. ಭೂಮಿ ಬಾಯಿ ತೆರೆದು ತನ್ನನ್ನು ನುಂಗಬಾರದೇ ಎನಿಸಿತು ಮಾಸ್ತರರಿಗೆ. ಮೂವತ್ತು ವರ್ಷ ಹುಡುಗರಿಗೆ ಸುಳ್ಳು ಹೇಳಬೇಡಿರೆಂದು ಛಡಿ ಬೀಸಿದ ಕೈ, ತಿರುಗಿ ನಮಸ್ಕಾರ ಮಾಡಲು ಮೇಲೇಳಲೇ ಇಲ್ಲ. ಪುಸ್ತಕ ಜಾರಿ ನೆಲಕ್ಕೆ ಬಿತ್ತು.

ನೀಲಕ್ಕ ಹೊಸ್ತಿಲು ದಾಟುವುದನ್ನೇ ಕಾದಿದ್ದು, ‘ತಪ್ಪಾತು ನಂದು’ ಎಂದರು. ‘ಊರ ಮುಂದ ನನ್ನ ಮಾನ ಉಳಿಸಿದಿ.’

ಶಾರದವ್ವ ಪುಸ್ತಕ ಎತ್ತಿಕೊಂಡಳು. ಸೆರಗಿನಿಂದ ಅದರ ಧೂಳು ಒರೆಸಿ ಅವರ ಕೈಗಿಟ್ಟಳು.

‘ಇದರಾಗ ಇದ್ದದ್ದಷ್ಟ ನಿಮಗ ಖರೇ, ಅಲ್ಲೇನ್ರಿ? ಒಂದ್ಸಲ ನೋಡಿ ಹೇಳ್ರಿ. ಆವತ್ತು ನಾ ಅಲ್ಲಿದ್ದೆನೇನು?’