ಹೊಡೆದುಹಾಕಿದ ಹೆಸರು

ಎರಡು ಹೆಸರುಗಳಲ್ಲಿ ಒಂದನ್ನು ಹೊಡೆದುಹಾಕಬೇಕಿತ್ತು. ಮದ್ರಾಸು, ಆಂಧ್ರ. ಯಾವ ರಾಜ್ಯದ ನೌಕರಿ ಬೇಕೆಂದು ಸರ್ಕಾರ ಕೇಳಿ ಕಳಿಸಿದ ಕಾಗದ ಅದು. ಕೆಳಗೆ ಗಂಡನ ರುಜು, ಜ್ವರಕ್ಕೆ ಸೊಟ್ಟಗಾಗಿತ್ತು. ಮಾಣಿಕ್ಯಾಂಬ ಪೆನ್ನಿನ ಮುಚ್ಚಳ ತೆಗೆದಳು.

"ಆಂಧ್ರ ಹೊಡೆದುಹಾಕು," ಕೋಟೇಶ್ವರ ರಾವ್ ಕಂಬಳಿಯೊಳಗಿಂದ ಹೇಳಿದ. "ಇವತ್ತೇ ಕಡೇ ದಿನ. ಕಚೇರಿ ಜವಾನ ಬಾಗಿಲಲ್ಲಿ ಕಾಯ್ತಿದಾನೆ."

ಹೇಳುತ್ತಿರುವುದು ಯಾರು! ತೆಲುಗರಿಗೆ ತಮ್ಮದೇ ರಾಜ್ಯ ಬೇಕೆಂದು ಬೀದಿಯಲ್ಲಿ ಗಂಟಲು ಹರಿದುಕೊಂಡು, ಎರಡು ದಿನ ಅನ್ನ ಬಿಟ್ಟಿದ್ದ ಗುಂಟೂರಿನವನು. ಆ ರಾಜ್ಯ ಹುಟ್ಟಲು ಇನ್ನೆರಡು ತಿಂಗಳಿರುವಾಗ, ಮದ್ರಾಸಿನಲ್ಲೇ ನೌಕರಿ ಮಾಡುತ್ತಾನಂತೆ.

"ಹೊಸ ರಾಜಧಾನಿ ಕರ್ನೂಲಲ್ಲಿ ಕಚೇರಿಯೂ ಡೇರೆ, ಮನೆಯೂ ಡೇರೆ. ಇಲ್ಲಿದ್ರೇ ಇಬ್ಬರಿಗೂ ಒಳ್ಳೇದು, ಮಾಣಿಕ್ಯಂ."

"ಯಾವ ಇಬ್ಬರಿಗೆ?"

ಅವನು ಗೋಡೆಯತ್ತ ಹೊರಳಿದ.

ಉತ್ತರ ಅವಳಿಗೆ ಗೊತ್ತಿತ್ತು. ಅಲಮೇಲು, ಅವನ ಕಚೇರಿಯ ಟೈಪಿಸ್ಟ್. ಆರು ತಿಂಗಳಿಂದ ಬುತ್ತಿಯ ಹಿತ್ತಾಳೆ ಡಬ್ಬಿ ಸಂಜೆ ಹುಣಸೆಹಣ್ಣು ಹಾಕಿ ತಿಕ್ಕಿದಂತೆ ಹೊಳೆಯುತ್ತ ಮನೆಗೆ ಬರುತ್ತಿತ್ತು. ಉಂಡ ತಟ್ಟೆ ಎತ್ತದ ಗಂಡಸು ಡಬ್ಬಿ ತಿಕ್ಕುತ್ತಾನೆಯೇ? ಒಂದು ದಿನ ಬಾಯಿ ತಪ್ಪಿ, "ಇವತ್ತು ಗೋಂಗೂರ ಪಚ್ಚಡಿ ತಿಂದೆ, ನಮ್ಮಮ್ಮನದೇ ಕೈರುಚಿ," ಎಂದಿದ್ದ. ಎಲ್ಲಿ ಎಂದರೆ, ಹೋಟೆಲಿನಲ್ಲಿ ಎಂದ. ಮರುದಿನ ಅವಳು ಹಟ ಹಿಡಿದು ಪುಂಡಿಸೊಪ್ಪು ತರಿಸಿ ಅದನ್ನೇ ಅರೆದು ಬಡಿಸಿದಳು. ತಿಂದು, "ಇದೂ ಚೆನ್ನಾಗಿದೆ," ಎಂದ. ಆ 'ಇದೂ' ಅವಳ ಎದೆಯಲ್ಲಿ ಮುರಿದ ಮುಳ್ಳಾಗಿ ಉಳಿಯಿತು.

ಟ್ರಾಮ್ ನಿಲ್ದಾಣದಲ್ಲಿ ಮರೆಯಲ್ಲಿ ನಿಂತು ನೋಡಿಯೂ ಬಂದಿದ್ದಳು. ಅಲಮೇಲು ಹೂವಾಡಗಿತ್ತಿಯೊಡನೆ ತಮಿಳಿನಲ್ಲಿ ಚಟಪಟ ಜಗಳವಾಡುತ್ತಿದ್ದಳು. ಹತ್ತು ವರ್ಷ ಇಲ್ಲಿದ್ದರೂ ಮಾಣಿಕ್ಯಾಂಬಳ ನಾಲಗೆಗೆ ಆ ತಮಿಳು ಒಲಿದಿರಲಿಲ್ಲ. ಪಕ್ಕದಲ್ಲಿ ಕೋಟೇಶ್ವರ ರಾವ್ ನಗುತ್ತಿದ್ದ. ಆ ನಗುವನ್ನು ಮನೆಯಲ್ಲಿ ಕಂಡು ಎಷ್ಟು ಕಾಲವಾಗಿತ್ತು!

ಮಾಣಿಕ್ಯಾಂಬ ಗೆರೆ ಎಳೆದಳು. ಕಾಗದ ಮಡಿಸಿ ಜವಾನನ ಕೈಗೆ ಕೊಟ್ಟು ಬಂದು, ಗಂಡನ ಹಣೆಯ ಮೇಲೆ ತಣ್ಣೀರಿನ ಬಟ್ಟೆ ಹಾಕಿದಳು.

ಕರ್ನೂಲಿಗೆ ವರ್ಗದ ಆದೇಶ ಬಂದಾಗ ಅವನು ಮೂರು ಸಲ ಓದಿದ.

"ಯಾವುದನ್ನ ಹೊಡೆದೆ ನೀನು?"

"ಹೊಡೀಬೇಕಾದ್ದನ್ನ."

ಅವನು ರೇಗಲಿಲ್ಲ. ಕುರ್ಚಿಯಲ್ಲಿ ಕುಸಿದು, "ನಿನಗೆ ಗೊತ್ತಿಲ್ಲ, ಮಾಣಿಕ್ಯಂ," ಎಂದ.

"ಗೊತ್ತಿದೆ ರೀ. ಎಲ್ಲಾ ಗೊತ್ತಿದೆ."

ಅವನು ಆದೇಶವನ್ನು ಮಡಿಸಿ ಜೇಬಿಗಿಟ್ಟ.

ಕರ್ನೂಲಿನ ಬಿಸಿಲು, ಅನ್ನದಲ್ಲಿ ಸಿಗುವ ಮರಳು, ಗಾಳಿಗೆ ಪಟಪಟ ಬಡಿಯುವ ಡೇರೆ, ಎಲ್ಲವೂ ಅವಳಿಗೆ ಹಿತವಾಗಿದ್ದವು. ಮದ್ರಾಸು ಇನ್ನೊಬ್ಬರ ರಾಜ್ಯದಲ್ಲಿತ್ತು. ಆ ತಮಿಳಿನವಳಿಗೂ ತಮಗೂ ನಡುವೆ ಒಂದು ಗಡಿಯೇ ಬಿದ್ದಿತ್ತು. ಮದುವೆಯಾದ ಹೊಸತರಲ್ಲಿನಂತೆ ಅವಳು ಕಣ್ಣಿಗೆ ಕಾಡಿಗೆ ಹಚ್ಚಿದಳು.

ಮೂರನೆಯ ಸಂಜೆ ಕೋಟೇಶ್ವರ ರಾವ್ ಕಚೇರಿಯಿಂದ ಬಂದು ಹೊರಗೆ ಕೈಕಾಲು ತೊಳೆಯುತ್ತಿದ್ದ. ಒಳಗೆ ಅವಳು ಒಲೆ ಊದುತ್ತಿದ್ದಳು. ಯಾರೋ ಬಂದು ನಿಂತ ಸದ್ದಾಯಿತು.

"ನಮ್ಮ ಕಾಳಹಸ್ತಿ ಆಂಧ್ರಕ್ಕೆ ಬಂತು, ನಾನೂ ಬಂದೆ. ನೀವ್ಯಾಕೆ ಬಂದ್ರಿ?"

ಅಚ್ಚ ತೆಲುಗು. ಆದರೆ ಟ್ರಾಮ್ ನಿಲ್ದಾಣದ ಅದೇ ದನಿ. ಮಾಣಿಕ್ಯಾಂಬಳ ಕೈಯಿಂದ ಊದುಗೊಳವೆ ಜಾರಿತು.

"'ಹೆಂಡತಿಗೆ ಮೋಸ ಮಾಡಿದ್ದು ಸಾಕು, ನೀನು ನಿನ್ನೂರ ಕಡೆ ಹೋಗು, ನಾನು ಮದ್ರಾಸಲ್ಲೇ ಉಳೀತೀನಿ' ಅಂತ ಕೈ ಮುಗಿದಿದ್ರಿ." ಅಲಮೇಲು ಮೆಲ್ಲಗೆ ನಕ್ಕಳು. "ಕಡೆಗೂ ನನ್ನ ಬಿಟ್ಟಿರೋಕೆ ಆಗ್ಲಿಲ್ಲ, ಅಲ್ವಾ?"

ಬಟ್ಟೆಯ ಗೋಡೆಗೆ ಕಿವಿಯಿಟ್ಟು ಮಾಣಿಕ್ಯಾಂಬ ಕಾದಳು.

ಅವನು ಅಲ್ಲ ಎನ್ನಲಿಲ್ಲ.