ಕೈ ಹಚ್ಚಿದ ಚೆಂಡು

ಬೌಲಿಂಗೇ ಕಸುಬಾದ ಈಗಲೂ, ಓಟ ಶುರುಮಾಡುವ ಮುನ್ನ ಚೆಂಡನ್ನು ಎರಡೂ ಕೈಯಲ್ಲಿ ಬಹಳ ಹೊತ್ತು ಉಜ್ಜುತ್ತೇನೆ. ಆ ತೊಗಲಿನ ವಾಸನೆಗೆ ನಮ್ಮೂರು ಹತ್ತಿಮತ್ತೂರಿನ ಬಾಲ್ಯದ ಮಧ್ಯಾಹ್ನವೊಂದು ಮರಳುತ್ತದೆ.

ಕೊಯ್ಲು ಮುಗಿದ ಹೊಲದಲ್ಲಿ ಸಾಹುಕಾರರ ಮಗ ಬ್ಯಾಟ್ ಹಿಡಿದಿದ್ದ. ಅವನು ಹೊಡೆದ ಚೆಂಡು ನನ್ನ ಕಾಲ ಬಳಿ ಬಂತು. ಬಗ್ಗಿದೆ.

“ಏ, ಕೈ ಹಚ್ಚಬ್ಯಾಡ! ಕಾಲಿಲೆ ಒದಿ!” ಎಂದು ಕೂಗಿದ. ನಮ್ಮ ಕೇರಿಯವರು ಮುಟ್ಟಿದ್ದನ್ನು ಅವರ ಮನೆಯವರು ಮುಟ್ಟುತ್ತಿರಲಿಲ್ಲ.

ಜೋಳದ ಕೂಳೆ ಕೀಳುತ್ತಿದ್ದ ಅವ್ವ ನನ್ನನ್ನೇ ನೋಡಿದಳು. “ಅಳಬ್ಯಾಡ. ಸಿಟ್ಟು ಕಣ್ಣಾಗ ಇಟ್ರ ಗುರಿ ಕಾಣೂದಿಲ್ಲ. ತೋಳಿನ್ಯಾಗ ಇಟ್ಕೊ,” ಎಂದಳು.

ಚೆಂಡೆತ್ತಿ ಓಡಿ ಬಂದು ಎಸೆದೆ. ಅವನ ಹಿಂದೆ ನೆಟ್ಟಿದ್ದ ಮೂರು ಕೋಲುಗಳಲ್ಲಿ ನಡುವಿನದು ಕಿತ್ತು ಹಾರಿತು.

ಅವನು ರೊಚ್ಚಿಗೆದ್ದು, ನಾನು ಮುಟ್ಟಿದ್ದೆಂಬುದನ್ನೂ ಮರೆತು, ಆ ಚೆಂಡನ್ನು ಹೊಲದಂಚಿನ ತಮ್ಮ ಬಾವಿಗೇ ಎಸೆದ. ನಮಗೆ ಕೊಡ ಇಳಿಸಲು ಬಿಡದ ಕುಡಿಯುವ ನೀರಿನ ಬಾವಿ.

ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. “ಸುಮ್ನಿರು. ಇನ್ನ ದಿನಾ ಕುಡೀಲಿ.”