ಗಾಜಿನ ಕಪಾಟಿಗೊಂದು ಬ್ಯಾಗು

"ಇದನ್ನ ಸ್ವಲ್ಪ ಹಳೇದು ಮಾಡಿಕೊಡ್ಬೇಕಲ್ಲ ಯಜಮಾನ್ರೇ," ಎಂದು ಪ್ರವಾಸಿ ಬೆನ್ನಿನ ಬ್ಯಾಗನ್ನು ಬಿಚ್ಚಿ ರಿಪೇರಿಯವನ ಮುಂದಿಟ್ಟ.

ರಿಪೇರಿಯವನು ಹಲ್ಲಲ್ಲಿ ಕಚ್ಚಿಕೊಂಡಿದ್ದ ದಾರವನ್ನು ತೆಗೆದ. ಮೂವತ್ತು ವರ್ಷದಿಂದ ಆ ಗೂಡಂಗಡಿಯಲ್ಲಿ ಕೂತು ಹರಿದದ್ದನ್ನು ಹೊಲಿದಿದ್ದಾನೆ, ಕಿತ್ತುಹೋದ ಜಿಪ್ಪುಗಳನ್ನು ಕೂರಿಸಿದ್ದಾನೆ; ಇಂಥ ಗಿರಾಕಿ ಬಂದದ್ದು ಇದೇ ಮೊದಲು. "ಹಳೇದನ್ನ ಹೊಸದು ಮಾಡೋದು ನನ್ನ ಕಸುಬು. ಹೊಸದು ತಾನಾಗೇ ಹಳೇದಾಗುತ್ತೆ, ಅದಕ್ಕೆ ನಾನ್ಯಾಕೆ?"

"ನಾಳೆ ಊರಿಗೆ ಹೊರಟಿದೀನಿ. ತಾನಾಗೇ ಆಗೋಷ್ಟು ಟೈಮಿಲ್ಲ."

ಅವನ ಸಂಕಟ ಇಷ್ಟೇ. ಎಂಟು ತಿಂಗಳಲ್ಲಿ ಹನ್ನೆರಡು ದೇಶ ಸುತ್ತಿ ಬರುತ್ತೇನೆಂದು ಮನೆ ಬಿಟ್ಟವನು, ಮೂರು ಮುಗಿಸಿ ನಾಲ್ಕನೆಯದರಲ್ಲಿ ಕಾಲಿಡುತ್ತಲೇ ಹೊಟ್ಟೆ ಕೆಟ್ಟು ಈ ಬೀದಿಯ ಲಾಡ್ಜಿನಲ್ಲಿ ಮಲಗಿದ. ಹೊಟ್ಟೆ ನಾಲ್ಕು ದಿನಕ್ಕೆ ಸರಿಹೋಯಿತು, ಹಾಸಿಗೆ ಬಿಡಲಿಲ್ಲ. ಲಾಡ್ಜಿನಮ್ಮ ಹೊತ್ತು ಹೊತ್ತಿಗೆ ಬಿಸಿ ಸೂಪು ತಂದಿಡುತ್ತಿದ್ದಳು, ಬ್ಯಾಗನ್ನೂ ತಿಕ್ಕಿ ತೊಳೆದು ಮಂಚದ ಕೆಳಗಿಟ್ಟಳು. ಹೀಗೆ ಐದು ತಿಂಗಳು ಕಳೆದು, ಪ್ರವಾಸದ ಕೊನೆಯ ಊರೂ ಇದೇ ಆಯಿತು. ಅಷ್ಟು ದಿನದಲ್ಲಿ ಅವನು ಸಂಪಾದಿಸಿದ್ದೆಂದರೆ ಇಲ್ಲಿಯವರ ಭಾಷೆ. ಉಳಿದ ದೇಶಗಳ ಫೋಟೋಗಳನ್ನೆಲ್ಲ ಲಾಡ್ಜಿಗೆ ಬಂದುಹೋಗುವವರಿಂದ ಕೇಳಿ ಪಡೆದು ಮನೆಗೆ ಕಳಿಸಿದ. "ಬೆಟ್ಟವೇನೋ ಚೆನ್ನಾಗಿದೆ, ನೀನೆಲ್ಲೋ?" ಎಂದು ಅಮ್ಮ ಕೇಳಿದರೆ, "ಕ್ಯಾಮೆರಾ ಹಿಡಿದೋನು ನಾನೇ ಅಲ್ವೇನಮ್ಮ," ಎನ್ನುತ್ತಿದ್ದ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬುದು ಗೊತ್ತಿದ್ದವನು, ಅದಕ್ಕೇ ಹತ್ತಿರ ಹೋಗಲಿಲ್ಲ.

ಇವತ್ತು ಬೆಳಿಗ್ಗೆ ಸೋದರಮಾವನ ಫೋನು ಬಂದಿತ್ತು. ಮಾವ ಊರಿನ ವಾಚನಾಲಯದ ಅಧ್ಯಕ್ಷ. "ಕೋಶ ಓದಿದೋರು ನಮ್ಮಲ್ಲಿ ಬೇಕಾದಷ್ಟಿದಾರೆ ಕಣೋ, ದೇಶ ಸುತ್ತಿದೋನು ನೀನೊಬ್ಬನೇ. ನಿನ್ನ ಬ್ಯಾಗಿಗೆ ಅಂತಲೇ ಗಾಜಿನ ಕಪಾಟು ಮಾಡಿಸಿದೀನಿ. ಒಗೆಯೋಕೆ ಹೋಗ್ಬೇಡ, ಹೇಗಿದೆಯೋ ಹಾಗೇ ತಗೊಂಡ್ಬಾ." ಹೇಗಿದೆಯೋ ಹಾಗೇ ತೆಗೆದುಕೊಂಡು ಹೋದರೆ ಊರೆದುರು ಮಾನ ಹರಾಜಾಗುವುದು ಖಂಡಿತ. ಬ್ಯಾಗು ನಿನ್ನೆ ತಾನೇ ಅಂಗಡಿಯಿಂದ ತಂದಂತಿತ್ತು.

ರಿಪೇರಿಯವನು ಉಪ್ಪುಕಾಗದದ ಚೂರೊಂದನ್ನು ಹುಡುಕಿ ಕೈಗೆತ್ತಿಕೊಂಡ. "ಎಲ್ಲಿ ಸವೆಸ್ಲಿ, ಹೇಳಿ. ನಡೆಯೋರದ್ದು ಭುಜದ ಪಟ್ಟಿ ಹೋಗುತ್ತೆ. ಬಸ್ಸಲ್ಲಿ ಅಲೆಯೋರದ್ದು ತಳ ಹೋಗುತ್ತೆ. ಸ್ಟೇಷನ್ನಲ್ಲಿ ತಲೆದಿಂಬು ಮಾಡ್ಕೊಂಡು ಮಲಗೋರದ್ದು ಮೇಲ್ಗಡೆ ಜಿಡ್ಡು ಕೂತಿರುತ್ತೆ. ನಿಮ್ಮದು ಯಾವ ಥರ?"

ಪ್ರವಾಸಿ ಬ್ಯಾಗನ್ನು ಅವನತ್ತ ಇನ್ನಷ್ಟು ತಳ್ಳಿದ. "ಮೂರೂ ಇರ್ಲಿ."

"ಮೂರೂ ಬೇಕಂದ್ರೆ ಮನುಷ್ಯ ಒಂಚೂರು ಓಡಾಡಿರಬೇಕು." ಅವನು ಎದುರಿನ ಲಾಡ್ಜಿನ ಮಹಡಿಯತ್ತ ಗದ್ದ ಎತ್ತಿದ. "ನಾನು ದಿನಾ ಇಲ್ಲೇ ಕೂತಿರ್ತೀನಿ ಸ್ವಾಮಿ. ನಿಮ್ಮ ಕಿಟಕಿ ನನಗೆ ಚೆನ್ನಾಗಿ ಕಾಣುತ್ತೆ."

ಬಂಡವಾಳ ಬಯಲಾದ ಮೇಲೆ ಮುಚ್ಚಿಡುವುದೇನು? ಪ್ರವಾಸಿ ಮಾವ, ಫೋಟೋ, ಕಪಾಟು ಎಲ್ಲವನ್ನೂ ಒದರಿಬಿಟ್ಟ. ಹೇಳುತ್ತಿದ್ದವನ ಕಣ್ಣು ಗೋಡೆಯ ಮೊಳೆಗೆ ನೇತುಹಾಕಿದ್ದ ರಿಪೇರಿಯವನ ಸ್ವಂತ ಬ್ಯಾಗಿನ ಮೇಲೆ ಬಿತ್ತು. ಸೂಜಿ, ಕತ್ತರಿ, ಸುತ್ತಿಗೆ ತುಂಬಿಕೊಂಡು ಮೂವತ್ತು ವರ್ಷ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಓಡಾಡಿದ ಬೆನ್ನುಚೀಲ. ಪಟ್ಟಿ ಸವೆದು ನೂಲಾಗಿತ್ತು, ತಳ ಕರಿ ಹಿಡಿದಿತ್ತು. ಮೈತುಂಬ ಬೇರೆಬೇರೆ ಗಿರಾಕಿಗಳ ಬ್ಯಾಗಿನಿಂದ ಉಳಿದ ಬಟ್ಟೆಯ ತೇಪೆಗಳು. ಎಣಿಸಿದ, ಹನ್ನೊಂದು ಇದ್ದವು. ಒಂದೊಂದು ತೇಪೆಗೆ ಒಂದೊಂದು ದೇಶ ಎಂದುಕೊಂಡರೂ ಕೊರತೆ ಒಂದೇ.

"ಅದನ್ನ ನನಗೆ ಕೊಡಿ, ಇದನ್ನ ನೀವಿಟ್ಕೊಳ್ಳಿ," ಎಂದ.

ರಿಪೇರಿಯವನು ನಗಲಿಲ್ಲ. ಹೊಸ ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡು ಒಳಜೇಬು, ಹೊರಜೇಬುಗಳಿಗೆಲ್ಲ ಕೈಹಾಕಿ ನೋಡಿದ. ಹೊಲಿಗೆಯ ಮೇಲೆ ಉಗುರಾಡಿಸಿದ. ಎದೆಪಟ್ಟಿಯ ಬಕಲಿನಲ್ಲಿ ಪುಟ್ಟದೊಂದು ಸೀಟಿ ಇತ್ತು. "ಇದ್ಯಾಕೆ?"

"ಬೆಟ್ಟದಲ್ಲಿ ದಾರಿ ತಪ್ಪಿದ್ರೆ ಊದೋಕಂತೆ."

"ಊದಿದೀರಾ?"

ಪ್ರವಾಸಿ ಗೋಡೆಯ ಚೀಲದ ತೇಪೆಗಳನ್ನು ಮತ್ತೊಮ್ಮೆ ಎಣಿಸತೊಡಗಿದ. ರಿಪೇರಿಯವನು ಮೊಳೆಯಿಂದ ತನ್ನ ಚೀಲವನ್ನು ಇಳಿಸಿ, ಹತಾರಗಳನ್ನು ನೆಲಕ್ಕೆ ಸುರಿದು, ಒಮ್ಮೆ ಕೊಡವಿ ಕೊಟ್ಟ. "ನಿಮ್ಮ ಮಾವನಿಗೆ ಹೇಳಿ, ಒಳಗಡೆ ಕೈ ಹಾಕೋದು ಬೇಡ. ಮುರಿದ ಸೂಜಿ ಇದ್ದರೂ ಇರಬಹುದು."

ಮರುದಿನ ಬೆಳಿಗ್ಗೆ ಪ್ರವಾಸಿ ಆ ತೇಪೆಯ ಚೀಲವನ್ನು ಬೆನ್ನಿಗೇರಿಸಿಕೊಂಡು ಬಸ್ ನಿಲ್ದಾಣಕ್ಕೆ ಹೊರಟ. ಗಾಜಿನ ಹಿಂದೆ ಅದು ಹೇಗೆ ಕಂಡೀತೆಂದು ನೆನೆದು ಅವನ ನಡಿಗೆಯೇ ಬೇರೆಯಾಗಿತ್ತು. ಗೂಡಂಗಡಿಗೆ ಬೀಗ ಬಿದ್ದಿತ್ತು. ತಡವಾಗಿ ಬರುತ್ತಾನೇನೋ ಎಂದುಕೊಂಡ.

ನಿಲ್ದಾಣದಲ್ಲಿ ವಿಮಾನ ನಿಲ್ದಾಣದ ಬಸ್ಸಿಗಾಗಿ ಕಾಯುತ್ತಿದ್ದಾಗ ಯಾರೋ ಸೀಟಿ ಊದಿದರು. ಗಡಿ ದಾಟಿ ಬೆಟ್ಟಗಳ ಕಡೆ ಹೋಗುವ ಬಸ್ಸು ಎಂಜಿನ್ ಚಾಲೂ ಮಾಡಿ ನಿಂತಿತ್ತು. ಅದರ ಕಿಟಕಿಯಲ್ಲಿ ರಿಪೇರಿಯವನು, ತೊಡೆಯ ಮೇಲೆ ಹೊಸ ಬ್ಯಾಗು, ಬಾಯಲ್ಲಿ ಸೀಟಿ. ಮತ್ತೊಂದು ಸಲ ಊದಿ, ಪಕ್ಕದವರು ಬೈದ ಮೇಲೆ ನಿಲ್ಲಿಸಿದ.

"ಮೂವತ್ತು ವರ್ಷ ಹೋಗೋರ ಬ್ಯಾಗು ಹೊಲಿದದ್ದಾಯ್ತು," ಎಂದ ಕಿಟಕಿಯಿಂದ ತಲೆ ಹೊರಹಾಕಿ. ಬಸ್ಸು ಅಲುಗಿತು. "ನಿಮಗೆ ಇನ್ನೂ ಫೋಟೋ ಬೇಕಾದ್ರೆ ಹೇಳಿ ಸ್ವಾಮಿ, ಕಳಿಸ್ತೀನಿ."

ಇದು ತನ್ನನ್ನು ಚುಚ್ಚಿದ ಮಾತು, ನಾಚಿಕೆಪಡಬೇಕಾದ ಮಾತು ಎಂದು ಪ್ರವಾಸಿಗೆ ಹೊಳೆಯಿತು. ಆದರೆ ಅಷ್ಟರೊಳಗೆ ಅವನು ಬಸ್ಸಿನ ಜೊತೆ ಓಡುತ್ತ, ತನ್ನ ಫೋನ್ ನಂಬರನ್ನು ಕೂಗಿ ಹೇಳಿಯಾಗಿತ್ತು.